ನಾಲ್ಕನೇ ಕೋಣೆಯ ಹಸಿರು ದೀಪ

ಫೈಲ್ ಸೇವ್ ಆಗುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ನನಗೆ ಮೊದಲು ಬರುವುದು ಸಿಟ್ಟು. ಬಹುಪಾಲು ಪಾಸ್‌ವರ್ಡ್ ಮರೆತಿರುತ್ತಾರೆ, ಇಲ್ಲವೇ ಇನ್ಯಾರೋ ಅದೇ ಫೈಲನ್ನು ತೆರೆದಿಟ್ಟು ಚಹಾ ಕುಡಿಯಲು ಹೋಗಿರುತ್ತಾರೆ. ತಪ್ಪು ಮಾತ್ರ ಯಾವಾಗಲೂ ನನ್ನ ಸರ್ವರಿನದು. ಆ ದಿನ ಬೆಳಿಗ್ಗೆ ಹಣ್ಣು ವಿಂಗಡಣೆಯ ಮೇಡಂ ಕರೆದಾಗಲೂ ಗೊಣಗುತ್ತಲೇ ಎದ್ದೆ.

ನಮ್ಮದು ಸೇಬಿನ ಶೀತಲಗೃಹ. ಹಣ್ಣು ತಿಂಗಳುಗಟ್ಟಲೆ ಕೆಡಬಾರದೆಂದು ಕೋಣೆಗಳಿಗೆ ನೈಟ್ರೋಜನ್ ತುಂಬಿಸಿ, ಆಮ್ಲಜನಕವನ್ನು ಹೆಸರಿಗಷ್ಟೇ ಉಳಿಸುತ್ತೇವೆ. ಸೇಬು ಅಲ್ಲಿ ಸುಖವಾಗಿ ನಿದ್ದೆ ಮಾಡುತ್ತದೆ. ಮನುಷ್ಯ ಕಾಲಿಟ್ಟರೆ ನಾಲ್ಕು ಉಸಿರಿಗೆ ಕುಸಿಯುತ್ತಾನೆ. ವಾಸನೆಯಿಲ್ಲ, ಕೆಮ್ಮಿಲ್ಲ, ಯಾವ ಸುಳಿವೂ ಇಲ್ಲ. ಅದಕ್ಕೇ ಪ್ರತಿ ಬಾಗಿಲ ಮೇಲೂ ಒಂದು ಬೋರ್ಡ್: ಒಳಗೆ ಆಮ್ಲಜನಕ ಎಷ್ಟಿದೆ ಎಂಬ ಅಂಕಿ, ಪಕ್ಕದಲ್ಲಿ ಹಸಿರು ಇಲ್ಲವೇ ಕೆಂಪು ದೀಪ. ಆ ದೀಪದ ಮೇಲಿರುವಷ್ಟು ನಂಬಿಕೆ ಇಲ್ಲಿನವರಿಗೆ ಕಟ್ಟಿಕೊಂಡವರ ಮೇಲೂ ಇಲ್ಲ.

ದಾರಿಯಲ್ಲಿ ಭಾವ ಸಿಕ್ಕರು. ಅಕ್ಕನ ಗಂಡ, ಇಲ್ಲಿ ಫಿಟ್ಟರ್. ನನಗೆ ಈ ಕೆಲಸ ಕೊಡಿಸಿದವರೂ ಅವರೇ, ಅದನ್ನು ಆಗಾಗ ನೆನಪಿಸುವವರೂ ಅವರೇ. ನಾಲ್ಕನೇ ಕೋಣೆಯ ಫ್ಯಾನ್ ರಿಪೇರಿಗೆಂದು ಹಿಂದಿನ ದಿನ ಹೊರಗಿನ ಗಾಳಿ ಬಿಟ್ಟಿದ್ದರು. ಇನ್ನೂ ಒಂದೆರಡು ಬೋಲ್ಟ್ ಬಿಗಿಯುವುದಿದೆ, ಸ್ಟೋರಿನಿಂದ ಅವನ್ನು ತಂದು ಹೋಗುತ್ತೇನೆ ಎಂದು ಹೊರಟಿದ್ದರು. "ಏನೋ, ಇವತ್ತು ಯಾರ ಕಂಪ್ಯೂಟರ್‌ಗೆ ಮೂಗು ಸೋರ್ತಿದೆ?" ಎಂದು ಕಿಚಾಯಿಸಿ, ಉತ್ತರಕ್ಕೂ ಕಾಯದೆ ನಡೆದರು.

ಮೇಡಂ ಅವರ ಪರದೆಯ ಮೇಲೆ ಬರೆಯಲು ಅನುಮತಿಯಿಲ್ಲ ಎಂಬ ಸಂದೇಶ. ಹೊರಬಂದು ಮತ್ತೆ ಲಾಗಿನ್ ಮಾಡಿಸಿದೆ, ಅದೇ ರಾಗ. ಅವರ ಗುಂಪಿಗೆ ಅನುಮತಿ ಇತ್ತು. ಸರ್ವರಿನ ಹಂಚಿಕೆಯ ಜಾಗದಲ್ಲೂ ಇತ್ತು, ಫೋಲ್ಡರ್‌ನಲ್ಲೂ ಇತ್ತು. ಕೊನೆಗೆ ನನ್ನ ಹಳೇ ಉಪಾಯ: ನನ್ನ ಹೆಸರಿನಲ್ಲಿ ಒಳಹೊಕ್ಕು ಸೇವ್ ಮಾಡಿ ತೋರಿಸಿ, ತೊಂದರೆ ನಿಮ್ಮದೇ ಎಂದು ನಯವಾಗಿ ಹೇಳುವುದು. ಈ ಸಲ ನನಗೂ ಅನುಮತಿಯಿಲ್ಲ ಎಂದಿತು. ಸರ್ವರ್ ನೋಡಿಕೊಳ್ಳುವ ನನ್ನನ್ನೇ ಹೊರಗೆ ನಿಲ್ಲಿಸಿದ್ದು ಯಾರೆಂದು ಮೈಯೆಲ್ಲ ಉರಿಯಿತು.

ವಿವರ ತೆರೆದು ನೋಡಿದೆ. 'ಎಲ್ಲರೂ' ಎಂಬ ಸಾಲಿನಲ್ಲಿ, ಬರೆಯುವುದರ ಎದುರು, 'ನಿರಾಕರಿಸು' ಎಂಬಲ್ಲಿ ಒಂದು ಟಿಕ್. ಅದೊಂದಿದ್ದರೆ ಉಳಿದ ಅನುಮತಿಗಳು ಲೆಕ್ಕಕ್ಕೇ ಇಲ್ಲ. ನನ್ನನ್ನು ಬಿಟ್ಟರೆ ಅಂಥ ಟಿಕ್ ಹಾಕುವ, ತೆಗೆಯುವ ಅಧಿಕಾರ ಇರುವುದು ಮ್ಯಾನೇಜರಿಗೆ, ಅದೂ ನನ್ನ ಬೆನ್ನು ಬಿದ್ದು ಪಡೆದದ್ದು. ಫೋನ್ ಮಾಡಿದರೆ ಹೆಮ್ಮೆಯಿಂದಲೇ ಒಪ್ಪಿಕೊಂಡರು. ಖರೀದಿದಾರರ ಕಡೆಯವರು ತಪಾಸಣೆಗೆ ಬರುತ್ತಾರೆ, ಹಳೇ ದಾಖಲೆಗಳಲ್ಲಿ ಯಾರೂ ಕೈಯಾಡಿಸಬಾರದೆಂದು ನಿನ್ನೆ ಸಂಜೆ ತಾವೇ ಮಾಡಿದ್ದಂತೆ.

"ಎಲ್ಲರೂ ಅಂದ್ರೆ ಎಲ್ಲರೂ," ಎಂದರು. "ನನಗೂ ಇಲ್ಲ, ನಿಮಗೂ ಇಲ್ಲ. ಒಳ್ಳೇದೇ ಆಯ್ತಲ್ಲ?"

ನಗು ಬಂತು, ಅರ್ಧಕ್ಕೇ ನಿಂತಿತು. ಸರ್ವರಿನ ಲೆಕ್ಕದಲ್ಲಿ ಎಲ್ಲರೂ ಎಂದರೆ ಮನುಷ್ಯರಷ್ಟೇ ಅಲ್ಲ. ಕೋಣೆಗಳ ಆಮ್ಲಜನಕ ಅಳೆಯುವ ಯಂತ್ರವೂ ತನ್ನದೇ ಖಾತೆಯಿಂದ ಅದೇ ಫೋಲ್ಡರಿಗೆ ಅಂಕಿ ಬರೆಯುತ್ತದೆ. ಬಾಗಿಲ ಬೋರ್ಡ್ ಅದನ್ನೇ ಓದಿ ತೋರಿಸುತ್ತದೆ. ಹೊಸ ಅಂಕಿ ಬರದಿದ್ದರೆ ಹಳೆಯದನ್ನೇ ತೋರಿಸುತ್ತಾ ಕೂರುತ್ತದೆ.

ನಾಲ್ಕನೇ ಕೋಣೆಯ ಫೈಲ್ ಕೊನೆಯ ಸಲ ಬದಲಾದದ್ದು ಹಿಂದಿನ ಸಂಜೆ. ಅಂಕಿ ಇಪ್ಪತ್ತೊಂದು, ನಾವು ಉಸಿರಾಡುವ ಗಾಳಿಯಲ್ಲಿರುವಷ್ಟೇ. ಆ ಕೋಣೆ ಇನ್ನೂ ತೆರೆದೇ ಇದೆಯಾ ಎಂದು ಮೇಡಂ ಅವರನ್ನು ಕೇಳಿದೆ.

"ಇಲ್ಲಪ್ಪ," ಎಂದರು, ಹಣ್ಣಿನ ಟ್ರೇಯಿಂದ ತಲೆ ಎತ್ತದೆ. "ರಿಪೇರಿ ಮುಗೀತು ಅಂದ್ಕೊಂಡು ರಾತ್ರಿ ಪಾಳಿಯವರೇ ಮುಚ್ಚಿ ಗ್ಯಾಸ್ ತುಂಬಿಸಿದ್ರಲ್ಲ."

ಭಾವನಿಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ. ಟಿಕ್ ತೆಗೆದು ಓಡಿದೆ. ನನ್ನ ಮುಖ ನೋಡಿ ಮೇಡಂ ಕೂಡ ಹಿಂದೆಯೇ ಓಡಿ ಬಂದರು. ನಾನು ಓಣಿ ತಿರುಗಿದಾಗ ಬೋರ್ಡ್ ಇನ್ನೂ ಹಸಿರಾಗಿಯೇ ಇತ್ತು. ಬಾಗಿಲು ಮುಟ್ಟುವಷ್ಟರಲ್ಲಿ ಕೆಂಪಾಯಿತು, ಸೈರನ್ ಅರಚತೊಡಗಿತು. ಬಾಗಿಲು ಓರೆಯಾಗಿತ್ತು. ಒಳಗೆ, ಹತ್ತು ಹೆಜ್ಜೆ ದೂರದಲ್ಲಿ, ಫ್ಯಾನಿನ ಕೆಳಗೆ, ಭಾವ ಬೋರಲು ಬಿದ್ದಿದ್ದರು.

ನುಗ್ಗಲು ಹೋದವನ ಅಂಗಿಯನ್ನು ಮೇಡಂ ಹಿಂದಿನಿಂದ ಹಿಡಿದೆಳೆದರು. "ನೀವೂ ಬೀಳ್ತೀರ. ಉಸಿರಾಟದ ಸಿಲಿಂಡರ್ ಹಾಕ್ಕೊಂಡವರು ಬರ್ಲಿ." ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಆ ಕ್ಷಣಕ್ಕೆ ಅವರಷ್ಟು ಕೆಟ್ಟವರು ಲೋಕದಲ್ಲಿಲ್ಲ ಅನ್ನಿಸಿತು. ಹೊಸ್ತಿಲೀಚೆ ಬೇಕಾದಷ್ಟು ಗಾಳಿಯಲ್ಲಿ ನಿಂತು ನಾನು ಅಳುತ್ತಿದ್ದೆ.

ಅಷ್ಟರಲ್ಲಿ ಮ್ಯಾನೇಜರ್ ಬಂದು ಪಕ್ಕದಲ್ಲಿ ನಿಂತರು. ಆ ಟಿಕ್ ಯಾರು ಹಾಕಿದ್ದೆಂದು ಎಲ್ಲಾದರೂ ದಾಖಲಾಗಿರುತ್ತದಾ ಎಂದು ಪಿಸುಗುಟ್ಟಿದರು.

ಸಿಲಿಂಡರಿನವರು ಭಾವನನ್ನು ಎಳೆದು ತಂದು ಮಾಸ್ಕ್ ಹಾಕಿದರು, ಎದೆ ಒತ್ತಿದರು. ಎಷ್ಟೋ ಹೊತ್ತಿನ ಮೇಲೆ ಬಿಕ್ಕಿದಂತೆ ಒಂದು ಉಸಿರು ಬಂತು, ಆಮೇಲೆ ಇನ್ನೊಂದು. "ಭಾವ, ನಾನು," ಎಂದು ಕೈ ಹಿಡಿದು ಕೂಗುತ್ತಲೇ ಇದ್ದೆ.

ಕಣ್ಣು ತೆರೆದರು. ನನ್ನ ಮುಖವನ್ನು ಗುರುತು ಸಿಗದವರಂತೆ ನೋಡಿದರು. ಆಮೇಲೆ ಭಯದಿಂದ ಕೈ ಬಿಡಿಸಿಕೊಂಡು, ವಿಚಾರಣೆಗೆ ಬಂದ ಯಾವುದೋ ಅಧಿಕಾರಿಗೆ ಹೇಳುವಂತೆ ಹೇಳಿದರು:

"ಹಸಿರಿತ್ತು ಸಾರ್. ನೋಡ್ಕೊಂಡೇ ಒಳಗೆ ಹೋದೆ."