ಎರ್ಸಿಲಿಯಾ ಮನೆಯಲ್ಲಿದ್ದಾರೆ

"ಅಮ್ಮನಿಗೆ ಜ್ವರ," ಅಂದುಬಿಟ್ಟ ತುಲ್ಲಿಯೋ. ಅಂದ ಮೇಲೆ ಆ ಜ್ವರವನ್ನು ಇಳಿಸುವ ದಾರಿ ಅವನಿಗೇ ಗೊತ್ತಾಗಲಿಲ್ಲ.

ಪುರಸಭೆಯ ಬೊಝಾನೋ ಸ್ಕೂಟರಿನ ಹೆಲ್ಮೆಟ್ಟನ್ನು ತಿಂಡಿಯ ಮೇಜಿನ ಮೇಲೆ, ಜ್ಯಾಮ್ ಬಾಟಲಿಗಳ ನಡುವೆ ಕುಕ್ಕಿ, ಕುರ್ಚಿ ಎಳೆದುಕೊಂಡು ಕೂತ. ಲಿಫ್ಟಿಲ್ಲದ ಮನೆ, ಕಡಪ ಕಲ್ಲಿನಂಥ ಕರಿ ಮೆಟ್ಟಿಲುಗಳು ಅವನ ಉಸಿರನ್ನು ಅರ್ಧ ತಿಂದಿದ್ದವು.

"ಜ್ವರ ಬಂದವ್ರು ಮನೇಲೇ ಇರ್ತಾರಲ್ಲ, ಒಳ್ಳೇದೇ ಆಯ್ತು. ಮುಖ ನೋಡಿ ಹೋಗ್ತೀನಿ."

"ಮಲಗಿದ್ದಾರೆ, ಸಾಹೇಬ್ರೇ."

"ಏಳ್ಲಿ ಬಿಡಿ. ನಂಗೇನು ಅವಸರ? ಆ ಮೆಟ್ಲು ಇಳಿಯೋಕೆ ಮೊದ್ಲು ನನ್ನ ಮಂಡೀನೂ ಏಳ್ಬೇಕು."

ಜೆನೋವಾದ ಹಳೇ ಬಂದರಿನ ಹಿಂದಿನ ಗಲ್ಲಿಯಲ್ಲಿ ಮೂರು ಕೋಣೆಗಳ ತಂಗುಮನೆ ಅದು. ಹಾಸಿಗೆ, ಬೆಳಗಿನ ತಿಂಡಿ, ಕಿಟಕಿಯಿಂದ ಕತ್ತು ಚಾಚಿದರೆ ಒಂದು ಚೂರು ಸಮುದ್ರ. ಪರವಾನಗಿ ಇದ್ದದ್ದು ತುಲ್ಲಿಯೋನ ತಾಯಿ ಎರ್ಸಿಲಿಯಾ ಹೆಸರಿನಲ್ಲಿ. ಯಾರ ಹೆಸರಿನಲ್ಲಿದೆಯೋ ಅವರು ಅದೇ ಮನೆಯಲ್ಲಿ ವಾಸವಿರಬೇಕು, ಇಲ್ಲದಿದ್ದರೆ ಬಾಗಿಲು ಬಂದ್ ಎನ್ನುವುದು ಪುರಸಭೆಯ ನಿಯಮ. ಹಡಗುಕಟ್ಟೆಯ ಕೆಲಸ ಕೈಬಿಟ್ಟ ಮೇಲೆ ತುಲ್ಲಿಯೋ ಮತ್ತು ಅವನ ಹೆಂಡತಿ ಅಗಾತಾ ಉಣ್ಣುತ್ತಿದ್ದದ್ದೇ ಈ ಮೂರು ಕೋಣೆಗಳಿಂದ. ಎರ್ಸಿಲಿಯಾ ಮಾತ್ರ ಈಸ್ಟರ್ ಕಳೆದ ಮಾರನೇ ದಿನ ಕಮೋಲಿಯಲ್ಲಿದ್ದ ತಂಗಿಯ ಮನೆಗೆ ಹೊರಟುಹೋಗಿದ್ದರು. ಅತ್ತೆ ಅತ್ತ ಹೋದವರು ಇತ್ತ ತಲೆ ಹಾಕಿರಲಿಲ್ಲ. ಯಾಕೆ ಹೋದರೆಂದು ತುಲ್ಲಿಯೋಗೆ ಗೊತ್ತಿರಲಿಲ್ಲ. ಗೊತ್ತಿದ್ದ ಅಗಾತಾ ಹೇಳಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಅಗಾತಾ ಗಂಡನ ಮುಖ ನೋಡಿದಳು. ಪಾತ್ರೆ ಕೆಳಗಿಟ್ಟಳು. ಮಾಯವಾದಳು.

ಎರ್ಸಿಲಿಯಾರ ಕೋಣೆಗೆ ಎರಡು ಬಾಗಿಲು. ಒಂದು ಅಡುಗೆಮನೆಗೆ, ಇನ್ನೊಂದು ತಿಂಡಿಯ ಹಜಾರಕ್ಕೆ. ಹಜಾರದ ಬಾಗಿಲ ಹಿಂದಿನಿಂದ ಮೊದಲು ಒಂದು ಕೆಮ್ಮು ಬಂತು. ಆಮೇಲೆ ಮರ ಕೊಯ್ದಂಥ ದನಿ.

"ತುಲ್ಲಿಯೋ! ಯಾವನೋ ಅವ್ನು? ಬೆಳ್ಬೆಳಗ್ಗೆ ಮೇಜಿನ ಮೇಲೆ ಏನ್ ಕುಕ್ಕಿದ್ದು? ನಮ್ಮಜ್ಜಿ ಕಾಲದ ಮೇಜು ಅದು. ಗೀರು ಬಿದ್ರೆ ನಿಮ್ಮಪ್ಪ ಬಂದು ತಿಕ್ತಾನಾ? ಅವ್ನು ಬದುಕಿದ್ದಾಗ್ಲೇ ತಿಕ್ಲಿಲ್ಲ!"

ಬೊಝಾನೋ ಗಾಬರಿಯಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡ.

ಅಗಾತಾ ದಕ್ಷಿಣದ ಕತಾನಿಯಾದ ಹುಡುಗಿ, ಯಾರ ದನಿಯನ್ನಾದರೂ ಹಾಗೇ ಆಡಿ ತೋರಿಸುವವಳು. ಮೀನು ಮಾರುವವನು, ಮೂಗಲ್ಲಿ ಪ್ರಾರ್ಥನೆ ಹೇಳುವ ಪಾದ್ರಿ, ರೈಲು ತಡವಾಗಿದೆಯೆಂದು ಖುಷಿಯಿಂದ ಸಾರುವ ಹೆಂಗಸು, ಎಲ್ಲರೂ ಅವಳ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಿದ್ದರು. ಎಲ್ಲರಿಗಿಂತ ದೊಡ್ಡ ಕೋಣೆ ಅತ್ತೆಯದು. ಆವತ್ತಿದ್ದ ಒಬ್ಬರೇ ಅತಿಥಿ ವೊತ್ತೇರೋ ಮೇಷ್ಟ್ರಿಗೆ ಇದು ಚೆನ್ನಾಗಿ ಗೊತ್ತು; ತೊರೀನೋದಿಂದ ಪ್ರತಿ ವಸಂತದಲ್ಲೂ ಬರುವವರು. ಒಳಗಿನ ದನಿ ಕೇಳಿದ್ದೇ ಅವರ ಮುಖ ಅರಳಿತು, ಚಪ್ಪಾಳೆಗೆ ಕೈ ಎದ್ದಿತು. ತುಲ್ಲಿಯೋ ಆ ಕೈಗಳ ನಡುವೆ ಬೆಣ್ಣೆಯ ತಟ್ಟೆ ತುರುಕಿದ.

ಬೊಝಾನೋ ಎದ್ದು ಬಾಗಿಲ ಹತ್ತಿರ ಹೋಗಿ ಹಿಡಿಯ ಮೇಲೆ ಕೈಯಿಟ್ಟ. "ಅಮ್ಮಾ, ಪುರಸಭೆಯಿಂದ ಬಂದಿದ್ದೀನಿ. ಒಂದ್ನಿಮಿಷ ಒಳಗೆ ಬರ್ಲಾ?"

"ಬಾಪ್ಪಾ, ಬಾ! ರಾತ್ರಿ ಅಂಗೀಲಿರೋ ಹೆಂಗಸಿನ ಕೋಣೆಗೆ ನುಗ್ಗು ಅಂತ್ಲೇ ನಿಮ್ಮಮ್ಮ ಕಲ್ಸಿದ್ದಾ?"

ಹಿಡಿ ಕಾದಿತ್ತೇನೋ ಎಂಬಂತೆ ಬೊಝಾನೋ ಕೈ ತೆಗೆದ.

"ಗೊಣಗ್ತಿದ್ದೀನಿ ಅಂದ್ರೆ ಬದುಕಿದ್ದೀನಿ ಅಂತ ತಾನೇ? ಅಷ್ಟು ಹೇಳು ಹೋಗಿ ನಿಮ್ಮ ಪುರಸಭೆಗೆ!"

ಬೊಝಾನೋಗೆ ನಗು ಬಂತು. ಕೂಲಿ ಕಮ್ಮಿಯಾದರೂ ಸರಿ, ಗೊಣಗುವ ಹಕ್ಕು ಬಿಡೆವು ಎಂದು ಹಡಗು ಹತ್ತುತ್ತಿದ್ದವರ ಊರು ಅದು. ಅವನೂ ಅಂಥವರ ಮೊಮ್ಮಗನೇ. ಆದರೆ ಬಾಗಿಲು ಬಿಟ್ಟು ಕದಲಲಿಲ್ಲ. ದನಿ ತಗ್ಗಿಸಿ, "ಅಮ್ಮಾ, ಈ ಕಟ್ಟಡದವ್ರೇ ಯಾರೋ ಫೋನ್ ಮಾಡಿದ್ರು. ಸೊಸೆ ನಿಮ್ಮನ್ನ ಓಡ್ಸಿದ್ದಾಳೆ ಅಂತ. ಅವ್ಳು ನಿಮ್ಮನ್ನ ಹೇಗೆ ನೋಡ್ಕೊತಾಳೆ? ನಿಜ ಹೇಳಿ," ಅಂದ.

ಅದೇ ಹೊತ್ತಿಗೆ ಹೊರಬಾಗಿಲ ಬೀಗದಲ್ಲಿ ಕೀಲಿ ತಿರುಗಿದ್ದು ತುಲ್ಲಿಯೋಗೆ ಮಾತ್ರ ಕೇಳಿಸಿತು. ತಿರುಗಿ ನೋಡಿದರೆ ಅವನ ತಾಯಿ. ಒಂದು ಕೈಯಲ್ಲಿ ಚೀಲ, ಕಂಕುಳಲ್ಲಿ ದಿಂಬು. ಬಾಯಿ ತೆರೆಯಲಿದ್ದ ಎರ್ಸಿಲಿಯಾ, ಕೋಣೆಯೊಳಗಿಂದ ತಮ್ಮದೇ ದನಿ ಕೇಳಿ ಹೊಸ್ತಿಲಲ್ಲೇ ನಿಂತರು.

"ಸೊಸೆನಾ? ಅವ್ಳೊಂದು ಕೋತಿ," ಅನ್ನುತ್ತಿತ್ತು ದನಿ. "ಬಂದವ್ರ ಮುಂದೆಲ್ಲ ನನ್ನ ಹಾಗೆ ಆಡಿ ತೋರಿಸ್ತಾಳೆ. ನನ್ನ ಕೆಮ್ಮು, ನನ್ನ ಸೊಟ್ಟ ನಡಿಗೆ. ಗಂಡ ಸತ್ತ ದಿನ ನಾನು ಅತ್ತಿದ್ದನ್ನೂ ಆಡಿದ್ಲು. ಎಲ್ರೂ ನಕ್ರು. ನಾನು ಬಾಗ್ಲ ಹಿಂದೆ ಅವ್ಳಿಗೇ ಅಂತ ಕಾಫಿ ಹಿಡ್ಕೊಂಡು ನಿಂತಿದ್ದೆ." ದನಿ ಒಮ್ಮೆ ಜಾರಿತು, ಮತ್ತೆ ಹಳಿಗೆ ಬಂತು. "ಅವ್ಳು ನನ್ನ ನೋಡಿದ್ಲು. ನೋಡಿದ್ಮೇಲೂ ತಕ್ಷಣ ನಿಲ್ಲಿಸ್ಲಿಲ್ಲ. ನಗ್ತಾ ಇದ್ರಲ್ಲ, ಅದ್ಕೆ. ಆಮೇಲೆ ತಪ್ಪಾಯ್ತು ಅನ್ನೋಕೆ ಅವ್ಳಿಗೆ ಅವಳ್ದು ಅಂತ ಒಂದು ದನೀನೇ ಸಿಗ್ಲಿಲ್ಲ."

ಮೇಷ್ಟ್ರು ಬೆಣ್ಣೆಯ ತಟ್ಟೆ ನೋಡುತ್ತಾ ಕೂತರು. ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ತಲೆಯೆತ್ತಿದಾಗ ಎದುರಿಗೆ ಎರ್ಸಿಲಿಯಾ ಕಂಡರು. "ಅಯ್ಯೋ, ಎರ್ಸಿ..."

"ಕೋಣೆ ಸಿಗುತ್ತಾ?" ಅಂದರು ಎರ್ಸಿಲಿಯಾ ಗಟ್ಟಿಯಾಗಿ.

ಬೊಝಾನೋ ತಿರುಗಿದ. ತುಲ್ಲಿಯೋ ಒಂದು ಕುರ್ಚಿ ಎಳೆದು ಹಾಕಿದ. "ಸಿ... ಸಿಗುತ್ತೆ, ಸಿನ್ಯೋರಾ. ಕೂತ್ಕೊಳ್ಳಿ."

"ಎಲ್ಲಿಂದ ಬಂದ್ರಿ?" ಬೊಝಾನೋ ಕೇಳಿದ.

"ಕೂನಿಯೋ." ಬಾಯಿಗೆ ಬಂದ ಮೊದಲ ಊರು.

"ದಿಂಬು ಹೊತ್ಕೊಂಡು?"

"ಬೇರೆಯವ್ರ ದಿಂಬಲ್ಲಿ ನಂಗೆ ನಿದ್ದೆ ಹತ್ತಲ್ಲ. ಪ್ರಯತ್ನ ಪಟ್ಟು ನೋಡಿದ್ದಾಯ್ತು."

ಈ ದನಿ ಯಾರದೆಂದು ಒಳಗಿದ್ದವಳಿಗೆ ಹೇಳಬೇಕಾಗಿರಲಿಲ್ಲ.

ಏನಾದರೂ ಮಾಡುತ್ತಿರಬೇಕಲ್ಲ ಎಂದು ತುಲ್ಲಿಯೋ ಒಂದು ಬಟ್ಟಲು ಹಾಲು-ಕಾಫಿ, ಒಂದು ತುಂಡು ಫೊಕಾಚಾ ತಂದು ತಾಯಿಯ ಮುಂದಿಟ್ಟ. ಕಾಫಿ ತಟ್ಟೆಗೆ ತುಳುಕಿತು. ಎರ್ಸಿಲಿಯಾ ಅವನತ್ತ ನೋಡಲಿಲ್ಲ. ಕಣ್ಣು ಆ ಬಾಗಿಲ ಮೇಲಿತ್ತು. ಕೈ ತನ್ನ ಪಾಡಿಗೆ ತಾನು ಎಣ್ಣೆ ಉಪ್ಪು ಸವರಿದ ಆ ರೊಟ್ಟಿಯನ್ನು ಎತ್ತಿ, ಉಪ್ಪಿನ ಮುಖ ಕೆಳಗಾಗುವಂತೆ ಮಗುಚಿ, ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟಿತು.

ಬೊಝಾನೋ ಅದನ್ನೇ ನೋಡುತ್ತಿದ್ದ. ಈ ಊರಲ್ಲಿ ಹುಟ್ಟದವರು ಹಾಗೆ ತಿನ್ನುವುದಿಲ್ಲ. ತಿನ್ನುವವರನ್ನು ಕಂಡರೆ ಮೂಗು ಮುರಿಯುತ್ತಾರೆ. ಇಷ್ಟು ವಸಂತ ಕಳೆದರೂ ಮೇಷ್ಟ್ರಿಗೆ ಅದು ಹೊಟ್ಟೆ ತೊಳಸುವ ನೋಟವೇ.

"ಕೂನಿಯೋದಲ್ಲೂ ಹೀಗೇ ತಿಂತಾರಾ?" ಬೊಝಾನೋ ಮೆಲ್ಲಗೆ ಕೇಳಿದ.

ಎರ್ಸಿಲಿಯಾರ ಕೈ ನಿಂತಿತು. ಎರಡನೇ ಸಲ ಅದ್ದಿದ ತುಂಡಿನಿಂದ ಕಾಫಿ ಮೇಜುಬಟ್ಟೆಯ ಮೇಲೆ ತೊಟ್ಟಿಕ್ಕಿತು. ಕೆಳಗೆ ಗಲ್ಲಿಯಲ್ಲಿ ಯಾರೋ ಅಂಗಡಿಯ ಶಟರ್ ಎತ್ತಿದರು. ತುಲ್ಲಿಯೋ ಕುರ್ಚಿಯ ಬೆನ್ನು ಹಿಡಿದುಕೊಂಡ.

ಬೊಝಾನೋ ಕಾಫಿಯ ಮೇಲೆ ತೇಲುತ್ತಿದ್ದ ಎಣ್ಣೆಯ ಕಣ್ಣುಗಳನ್ನು ನೋಡಿದ. ದಿಂಬು ನೋಡಿದ. ಮುಚ್ಚಿದ ಬಾಗಿಲು ನೋಡಿದ. ಹೆಲ್ಮೆಟ್ ತಲೆಗೆ ಹಾಕಿಕೊಂಡು, ಪಟ್ಟಿ ಬಿಗಿಯದೆ ನಿಂತ.

"ಜ್ವರ ಬಂದವ್ರ ಮುಖ ಇವತ್ತು ನಾನು ನೋಡ್ಲಿಲ್ಲ. ಮುಂದಿನ ತಿಂಗ್ಳು ಬರ್ತೀನಿ. ಆಗ ಯಾರ ಮಾತೂ ಕೇಳಲ್ಲ, ಬಾಗ್ಲು ತೆಗೆಸ್ತೀನಿ." ಈ ಮಾತು ತುಲ್ಲಿಯೋಗೆ. ಆಮೇಲೆ ಎರ್ಸಿಲಿಯಾರ ಕಡೆ ಬಾಗಿದ. "ಆಗ ಇರ್ತಾರಾ ಅವ್ರು?"

"ನನ್ನ ಕೇಳಿದ್ರೆ? ನಾನು ಇವತ್ತು ಬಂದವಳು."

"ನೀವೂ ಕೇಳಿಸ್ಕೊಂಡ್ರಲ್ಲ ಒಳಗಿನ ದನಿ. ಅದ್ಕೇ ನಿಮ್ಮನ್ನ ಕೇಳ್ತಿದ್ದೀನಿ."

ಎರ್ಸಿಲಿಯಾ ನೆನೆದ ರೊಟ್ಟಿಯನ್ನು ನಿಧಾನವಾಗಿ ಅಗಿದರು, ನುಂಗಿದರು, ಬೆರಳಿನ ಎಣ್ಣೆ ಒರೆಸಿಕೊಂಡರು.

"ಕೆಮ್ಮು ಅತಿಯಾಯ್ತು," ಅಂದರು. "ಅಷ್ಟು ಕೆಮ್ಮಲ್ಲ ಯಾರೂ." ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಇರ್ತಾಳೆ ಅನ್ಸುತ್ತೆ. ಗೊಣಗೋಕಾದ್ರೂ ಸ್ವಂತ ಮನೆ ಬೇಕಲ್ಲ."

ಬೊಝಾನೋ ಪಟ್ಟಿ ಬಿಗಿದುಕೊಂಡು ಹೊರಟ. ಅವನ ಹೆಜ್ಜೆ ಒಂದೊಂದೇ ಅಂತಸ್ತು ಇಳಿದು, ಕೆಳಗಿನ ದೊಡ್ಡ ಬಾಗಿಲು ಧಡ್ ಅನ್ನುವವರೆಗೂ ಯಾರೂ ಅಲುಗಲಿಲ್ಲ. ಆಮೇಲೆ ತುಲ್ಲಿಯೋ, "ಅಮ್ಮಾ..." ಅಂದ.

"ನೀನು ಸುಮ್ನಿರು."

ಎರ್ಸಿಲಿಯಾ ಎದ್ದರು. ಚೀಲವನ್ನು ಅಲ್ಲೇ ಬಿಟ್ಟು, ದಿಂಬನ್ನು ಮಾತ್ರ ತೆಗೆದುಕೊಂಡು ತಮ್ಮ ಕೋಣೆಯ ಮುಂದೆ ಹೋಗಿ ನಿಂತರು. ಹಿಡಿಯತ್ತ ಹೋದ ಕೈಯನ್ನು ಹಿಂದಕ್ಕೆ ತಂದರು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು.

ಒಳಗಿನಿಂದ ಯಾರ ದನಿಯೂ ಬರಲಿಲ್ಲ. ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಎರಡು ಪಾದಗಳ ನೆರಳು ಹತ್ತಿರ ಬಂದು ನಿಂತಿತು. ಎರ್ಸಿಲಿಯಾ ದಿಂಬನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಕಾದರು.