ಉದ್ಭವಿಸುವುದಿಲ್ಲ

ಸಂಕ ಅಂದ್ರೆ ಎಂತದು ಅಂತ ಬೆಂಗ್ಳೂರಿನವರಿಗೆ ಗೊತ್ತಿಲ್ಲ. ಗೊತ್ತಿಲ್ದೇ ಇದ್ರೆ ಕೇಳ್ಬೇಕು, ಅದು ಬಿಟ್ಟು ತಿದ್ದೋದಾ? ಹಳ್ಳಕ್ಕೆ ಅಡ್ಡ ಎರಡೋ ಮೂರೋ ಅಡಿಕೆ ಮರ ಹಾಕಿ, ಬಳ್ಳಿಯಲ್ಲಿ ಬಿಗಿದು, ಕೈಗೆ ಆಸರೆ ಅಂತ ಒಂದು ಬಿದಿರು ಗಳ ಕಟ್ಟಿದ್ರೆ ಅದು ಸಂಕ. ಸಿದ್ದಾಪುರ ತಾಲೂಕಿನ ಮನ್ಮನೆಯಿಂದ ಒಳಗೆ ನಮ್ಮ ಕೇರಿಗೆ ಬರೋಕೆ ಆಗ ಅದೊಂದೇ ದಾರಿ. ಪ್ರತಿ ವರ್ಷ ಮಳೆ ಹಿಡಿಯೋ ಮೊದ್ಲು ಕೇರಿಯ ಗಂಡಸ್ರೆಲ್ಲ ಸೇರಿ ಹೊಸದು ಹಾಕ್ತಿದ್ರು.

ಹಾಕಿದ ಮೇಲೆ ಪಾಳಿ. ಮಳೆಗಾಲ ಮುಗಿಯೋ ತನಕ ದಿನಕ್ಕೊಂದು ಮನೆಯವ್ರು ಬೆಳಿಗ್ಗೆ, ಸಂಜೆ ಸಂಕದ ಬುಡದಲ್ಲಿ ನಿಂತು ಶಾಲೆ ಮಕ್ಕಳನ್ನ ಕೈ ಹಿಡಿದು ದಾಟಿಸ್ಬೇಕು. ಯಾವ ಪಂಚಾಯ್ತಿಯೂ ಮಾಡಿದ ಕಾನೂನಲ್ಲ ಅದು. ಆದ್ರೆ ಪಾಳಿ ತಪ್ಪಿಸಿದವನ ಮನೆಗೆ ಹೋಗಿ ಯಾರೂ ಎಲೆಯಡಿಕೆ ಕವಳ ಹಾಕ್ತಿರ್ಲಿಲ್ಲ. ಅಷ್ಟು ಮರ್ಯಾದೆ ಇತ್ತು ಅದಕ್ಕೆ.

ತೊಂಬತ್ತೇಳರ ಆಷಾಢದಲ್ಲಿ ಒಂದು ಸಂಜೆ ಪಾಳಿ ನಮ್ಮನೇದು. ನಮ್ಮನೆಯವ್ರು ಹೋಗಿದ್ರು. ಮಾಸ್ತಿ ಅಂತ ಅವ್ರ ಹೆಸರು. ಗಂಡನ ಹೆಸರು ಬಾಯಲ್ಲಿ ಹೇಳ್ಬಾರ್ದು ಅಂತ ಅತ್ತೆ ಕಲಿಸಿದ್ರು. ಪೊಲೀಸ್ರು, ತಾಸೀಲ್ದಾರ್ರು, ಇಂಜಿನೀರು ಅಂತ ಸಿಕ್ಕಿದವರಿಗೆಲ್ಲ ಹೇಳಿ ಹೇಳಿ ನನಗೆ ಆ ನಾಚಿಕೆಯೂ ಬಿಟ್ಟು ಹೋಯ್ತು. ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಈಚೆ ದಾಟಿಸಿ, ಆಚೆ ದಡದಲ್ಲಿ ಯಾರದೋ ಪಾಟಿಚೀಲ ಉಳಿದಿದೆ ಅಂತ ತಿರುಗಿ ಹೊರಟ್ರಂತೆ. ನಡುವಿಗೆ ಹೋಗೋದ್ರೊಳಗೆ ಸಂಕದ ಮರ ಮಗುಚಿತು. ಮಕ್ಕಳೆಲ್ಲ ನಿಂತು ನೋಡ್ತಾ ಇದ್ರು. ಎರಡು ದಿನ ಬಿಟ್ಟು ಬಹಳ ಕೆಳಗೆ ಬಿದಿರ ಹಿಂಡಿನಲ್ಲಿ ಸಿಕ್ಕಿದ್ರು. ಪೊಲೀಸ್ರು 'ಹಳ್ಳದ ನೀರಿಗೆ ಬಿದ್ದು ಸಾವು' ಅಂತ ಬರ್ಕೊಂಡು ಹೋದ್ರು. ಹೇಗೆ ಬಿದ್ದಿದ್ದು, ಯಾಕೆ ಬಿದ್ದಿದ್ದು ಅಂತ ಬರೀಲಿಲ್ಲ.

ನನಗೆ ಅಳು ಬರ್ಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತ್ರೆ ಜೋಮು ಹಿಡಿಯುತ್ತಲ್ಲ, ಹಾಗೆ ಒಳಗೆಲ್ಲ ಜೋಮು. ಎಮ್ಮೆ ಕರೆದೆ, ಸಸಿ ನೆಟ್ಟೆ, ಮೂರು ವರ್ಷದ ಅನುಶ್ರೀಗೆ ಗಂಜಿ ಉಣಿಸಿದೆ. ಅತ್ತೆ ದ್ಯಾವಮ್ಮ ಜಗಲಿಯಲ್ಲಿ ಕೂತು ಬೈತಾ ಇದ್ರು, ದೇವರನ್ನ, ಮಳೆಯನ್ನ, ನನ್ನನ್ನ. ಬೈಸ್ಕೊಂಡ್ರೂ ಎಂತದೂ ಅನಿಸ್ತಿರ್ಲಿಲ್ಲ. ಒಂದೇ ಒಂದು ಮಾತು ಮಾತ್ರ ತಲೇಲಿ ಕೂತಿತ್ತು. ಇವ್ರು ಪಾಳಿಗೆ ನಿಂತು ಸತ್ರು, ಊರ ಮಕ್ಕಳನ್ನ ದಾಟಿಸಿ ಸತ್ರು ಅಂತ ಸರ್ಕಾರ ಒಂದು ಕಡೆ ಬರೀಬೇಕು. ಮತ್ತೆ ಆ ಜಾಗದಲ್ಲಿ ಸಿಮೆಂಟಿನ ಸಂಕ ಆಗ್ಬೇಕು, ಯಾಕಂದ್ರೆ ನಾಳೆ ನನ್ನ ಮಗಳೂ ಅದರ ಮೇಲೇ ಹೋಗ್ಬೇಕಲ್ಲ.

ನಮ್ಮ ಎಮ್ಮೆಲ್ಲೆ ಆಗ ವಿರೋಧ ಪಕ್ಷದವ್ರು. ಮನೆಗೆ ಬಂದು ಚಾಪೆ ಮೇಲೆ ಕೂತು, "ಸದನದಲ್ಲಿ ಪ್ರಶ್ನೆ ಕೇಳ್ತೇನೆ ತಂಗಿ, ಮಂತ್ರಿ ಉತ್ತರ ಕೊಡ್ಲೇಬೇಕು" ಅಂದ್ರು. ಅವರ ಪ್ರಶ್ನೆಗಳನ್ನೆಲ್ಲ ಬರೆದುಕೊಡ್ತಿದ್ದವ್ರು ಸಿದ್ದಾಪುರದ ಮಂಜಪ್ಪ ಹೆಗಡೇರು. ತೋಟಸ್ಥರು, ಕನ್ನಡ ಚೆನ್ನಾಗಿ ಬರೀತಾರೆ ಅಂತ ಹೆಸರಿತ್ತು. ನನ್ನ ಮಾತೆಲ್ಲ ಕೇಳಿ, ನಾನು ಹೇಳಿದ ಶಬ್ದವನ್ನೇ ಇಟ್ಟು ಬರೆದ್ರು. ನಮ್ಮಲ್ಲಿ ಅವರ ಮನೇಲೂ ಸಂಕ, ನಮ್ಮ ಮನೇಲೂ ಸಂಕ. ಬೇರೆ ಶಬ್ದ ಇದೆ ಅಂತ ಇಬ್ಬರಿಗೂ ಹೊಳೀಲಿಲ್ಲ.

ಅಧಿವೇಶನ ಮುಗಿದ ಮೇಲೆ ಒಂದು ಸಂತೆ ದಿನ ಹೆಗಡೇರು ಹೇಳಿ ಕಳಿಸಿದ್ರು. ಹೋದೆ. ಅವರ ಮುಖ ನೋಡಿದ್ರೆ ಭೇದಿಗೆ ಔಷಧ ಕುಡಿದವರ ಹಾಗಿತ್ತು.

"ಓದಿ ಹೇಳಿ ಹೆಗಡೇರೇ," ಅಂದೆ.

ಬೆಂಗ್ಳೂರಿಂದ ಬಂದ ಕಾಗದದಲ್ಲಿ ಒಂದು ಕಡೆ ಪ್ರಶ್ನೆ, ಅದರ ಎದುರಿಗೆ ಉತ್ತರ. ನಮ್ಮ ಸಂಕ ಎಲ್ಲೋ ಒಬ್ಬ ಟೈಪು ಮಾಡುವವನ ಕೈಯಲ್ಲಿ ಸುಂಕ ಆಗಿತ್ತು. 'ಮನ್ಮನೆ ಬಳಿಯ ಸುಂಕದಿಂದ ಜನರಿಗೆ ಆಗುತ್ತಿರುವ ತೊಂದರೆ ಸರ್ಕಾರದ ಗಮನಕ್ಕೆ ಬಂದಿದೆಯೇ?' ಅದಕ್ಕೆ ಮಂತ್ರಿಯ ಉತ್ತರ, 'ಸದರಿ ಸ್ಥಳದಲ್ಲಿ ಯಾವುದೇ ಸುಂಕ ವಸೂಲಿ ಮಾಡಲಾಗುತ್ತಿಲ್ಲ.' ಅದರ ಕೆಳಗೆ, 'ಇದರಿಂದ ಪ್ರಾಣಹಾನಿ ಆಗಿದ್ದಲ್ಲಿ ವಿವರ ನೀಡುವುದು.' ಉತ್ತರ, 'ಉದ್ಭವಿಸುವುದಿಲ್ಲ.'

"ಹಾಗಂದ್ರೆ?"

"ಆ ಪ್ರಶ್ನೆ ಏಳೋದೇ ಇಲ್ಲ ಅಂತ."

ನನಗೆ ಗೊತ್ತಿದ್ದ ಉದ್ಭವ ಅಂದ್ರೆ ದೇವಸ್ಥಾನದ ಉದ್ಭವಲಿಂಗ ಒಂದೇ. ಮನುಷ್ಯ ಸತ್ತಿದ್ದು ಉದ್ಭವಿಸೋದಿಲ್ಲ ಅಂದ್ರೆ ಎಂತ ಕರ್ಮ ಇದು? ಮಂತ್ರಿಯ ಮನೆ ಹಾಳಾಗ ಅಂತ ಬೈದೆ. ಒಳಗಿಂದ ಹೆಗಡೇರ ಹೆಂಡ್ತಿ ಪರಿಮಳಕ್ಕ ಬಂದು, "ಬಡ ಹೆಂಗಸಿನ ಎದುರಿಗೆ ಕೂತು ಎಂತ ಓದ್ತಾ ಇದ್ರಿ ಅದನ್ನ" ಅಂತ ಗಂಡನ್ನ ಗದರಿ, ನನಗೆ ಮಜ್ಜಿಗೆ ಕೊಟ್ರು. ಕುಡಿದು ಬಸ್ಸು ಹತ್ತಿದೆ.

ಮರುವರ್ಷ ಹೆಗಡೇರು ಹುಷಾರಾದ್ರು. ಸಂಕ ಬಿಟ್ಟು ಕಾಲುಸೇತುವೆ ಅಂತ ಬರೆದ್ರು. ಕಾಲುಸೇತುವೆ ಮುರಿದು ಒಬ್ಬ ವ್ಯಕ್ತಿ ಸತ್ತಿರೋದು ಗಮನಕ್ಕೆ ಬಂದಿದೆಯೇ, ಬಂದಿದ್ರೆ ಹೊಸ ಸೇತುವೆ ಯಾವಾಗ ಅಂತ. ಈ ಸಲ ಸರಿಯಾದ ಇಲಾಖೆಗೇ ಹೋಯ್ತು. ಉತ್ತರವೂ ಬಂತು. 'ಸದರಿ ಸ್ಥಳದಲ್ಲಿ ಇಲಾಖೆಯ ಯಾವುದೇ ಸೇತುವೆ ಇರುವುದಿಲ್ಲ. ಆದ್ದರಿಂದ ಸೇತುವೆ ಮುರಿದು ಯಾರೂ ಮೃತಪಟ್ಟಿರುವುದಿಲ್ಲ.' ಎರಡನೇದಕ್ಕೆ ಮತ್ತೆ ಅದೇ, ಉದ್ಭವಿಸುವುದಿಲ್ಲ.

ನೋಡಿ ಎಂಥ ಬುದ್ಧಿ. ಸೇತುವೆ ಇಲ್ಲ ಅಂತಲೇ ನಾವು ಬಡ್ಕೊಳ್ತಿರೋದು. ಅದನ್ನೇ ತಗೊಂಡು ನಮ್ಮ ಬಾಯಿಗೆ ಹೊಡೆದ್ರು.

ನನಗೆ ಸಾಕಾಗಿತ್ತು. ಆದ್ರೆ ಎಮ್ಮೆಲ್ಲೆಗೆ ಈಗ ಸಿಟ್ಟು ಬಂತು. ಕೆಟ್ಟವರಲ್ಲ ಅವ್ರು, ಅದನ್ನ ನಾನು ಹೇಳ್ಬೇಕು. ಹೆಗಡೇರು ನನಗೆ ಬಿಡಿಸಿ ಹೇಳಿದ್ರು. ಪ್ರಶ್ನೆಯಲ್ಲಿ ಎರಡು ಜಾತಿ ಅಂತೆ. ಚುಕ್ಕೆ ಇಲ್ಲದ್ದಕ್ಕೆ ಬರೀ ಕಾಗದದ ಮೇಲೆ ಉತ್ತರ, ಓದಿ ಮಡಚಿಡೋದು. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಬಾಯಿಬಿಟ್ಟು ಹೇಳ್ಬೇಕು. ಅದರ ಮೇಲೆ ಇನ್ನೊಂದು ಕೇಳ್ಬಹುದು, ಮತ್ತೊಂದು ಕೇಳ್ಬಹುದು. ಮಂತ್ರಿ ಸದನಕ್ಕೆ ಸುಳ್ಳು ಹೇಳಿದ್ದು ಗೊತ್ತಾದ್ರೆ ಹಕ್ಕುಚ್ಯುತಿ ಅಂತ ದೊಡ್ಡ ಗಲಾಟೆ, ಕುರ್ಚಿಯೇ ಅಲ್ಲಾಡಬಹುದು.

ಎಮ್ಮೆಲ್ಲೆ ಚುಕ್ಕೆ ಹಾಕಿಯೇ ಕೇಳಿದ್ರು. ಯಾರ ಪ್ರಶ್ನೆ ತಗೊಳ್ಳೋದು ಅಂತ ಚೀಟಿ ಎತ್ತುವಾಗ ಅದೃಷ್ಟಕ್ಕೆ ಅವರ ಪ್ರಶ್ನೆಯೇ ಬಂತಂತೆ. ದಾಟಿ ಉಳಿದ ಮಕ್ಕಳ ಹೆಸರನ್ನ ಒಂದೊಂದಾಗಿ ಸದನದಲ್ಲಿ ಓದಿ, "ಈ ಮಕ್ಕಳನ್ನ ದಾಟಿಸಿದ ಮಾಸ್ತಿ ಅನ್ನೋ ಮನುಷ್ಯ ಸತ್ತೇ ಇಲ್ಲ ಅಂತೀರಾ? ಸದನಕ್ಕೆ ಸುಳ್ಳು ಹೇಳ್ತೀರಾ?" ಅಂತ ಕೇಳಿದ್ರಂತೆ. ಮಂತ್ರಿ ಬೆವರು ಒರೆಸ್ಕೊಂಡು, ಮಾಹಿತಿ ತರಿಸಿ ಉತ್ತರ ಕೊಡ್ತೇನೆ ಅಂದ್ರಂತೆ. ಪೇಪರಲ್ಲೂ ಬಂತು. ಅದನ್ನ ಹೆಗಡೇರು ಓದಿ ಹೇಳುವಾಗ, ಎರಡು ವರ್ಷದಲ್ಲಿ ಮೊದಲ ಸಲ ನನ್ನ ಎದೆ ಸ್ವಲ್ಪ ಬೆಚ್ಚಗಾಯ್ತು. ನಮ್ಮನೆಯವ್ರ ಹೆಸರು ಅಷ್ಟು ದೊಡ್ಡ ಮನೆಯಲ್ಲಿ ಕೇಳಿಸ್ತಲ್ಲ ಅಂತ.

ಮುಂದಿನ ವಾರ ಶಿರಸಿಯಿಂದ ಇಲಾಖೆ ಜೀಪು ಬಂತು. ಹಳ್ಳದ ಆಚೆಯೇ ನಿಂತಿತು, ಈಚೆ ಬರೋಕೆ ದಾರಿ ಎಲ್ಲಿದೆ? ಇಂಜಿನೀರು, ಜೊತೆಗೆ ಹೆಗಡೇರು, ಇಬ್ರೂ ಸಂಕದ ಮೇಲೆ ಜೀವ ಕೈಯಲ್ಲಿ ಹಿಡ್ಕೊಂಡು ಬಂದ್ರು. ಇಂಜಿನೀರು ಹಾವೇರಿ ಕಡೆಯವ್ರು, ಇನ್ನೂ ಸಣ್ಣ ಪ್ರಾಯ. ಬೆಲ್ಲ ನೀರು ಕೊಟ್ಟೆ.

"ನೋಡ್ರಿ ಅಮ್ಮಾರ," ಅಂದ್ರು. "ಸೇತುವೆ ಮಂಜೂರ ಮಾಡಾಕ ಮಂತ್ರಿಗಳು ಒಪ್ಪ್ಯಾರ್ರಿ. ಈ ಬ್ಯಾಸಗಿಯೊಳಗ ಕೆಲಸ ಮುಗಸ್ತೀವಿ. ಆದ್ರ ಸೇತುವೆ ಮುರದು ಯಾರೂ ಸತ್ತಿಲ್ಲಂತ ಒಮ್ಮೆ ಸದನದಾಗ ಹೇಳಿಬಿಟ್ಟಾರ. ಅದು ಸುಳ್ಳು ಅಂತ ಆಗಬಾರ್ದ್ರಿ."

"ಅದು ಸುಳ್ಳೇ ಅಲ್ವಾ?"

ಅವ್ರು ಹೆಗಡೇರ ಮುಖ ನೋಡಿದ್ರು. ಹೆಗಡೇರು ಚೀಲದಿಂದ ಒಂದು ಹಾಳೆ ತೆಗೆದ್ರು. ಮೊದಲೇ ಟೈಪು ಮಾಡಿಸಿ ತಂದಿದ್ರು. ನನ್ನ ಹೇಳಿಕೆ ಅಂತೆ ಅದು. ನನ್ನ ಗಂಡ ಮಾಸ್ತಿ ಅನ್ನುವವರು ಮಳೆಗಾಲದಲ್ಲಿ ಮೀನು ಹಿಡಿಯಲು ಹಳ್ಳಕ್ಕೆ ಇಳಿದು, ಕಾಲು ಜಾರಿ ಕೊಚ್ಚಿಕೊಂಡು ಹೋಗಿ ಸತ್ತರು, ಇದಕ್ಕೂ ಸಂಕಕ್ಕೂ ಸಂಬಂಧ ಇಲ್ಲ ಅಂತ.

"ಎಮ್ಮೆಲ್ಲೆಗೆ ಗೊತ್ತಾ ಇದು?"

"ಗೊತ್ತು," ಅಂದ್ರು ಹೆಗಡೇರು. "ಅವರೂ ಒಪ್ಪಿದ್ದಾರೆ ತಂಗಿ. ಮಂತ್ರಿಯನ್ನ ಕೆಳಗೆ ಇಳಿಸಿದ್ರೆ ಪೇಪರಲ್ಲಿ ಬರ್ತದೆ, ಸೇತುವೆ ಬರೋದಿಲ್ಲ. ಹೀಗೆ ಮಾಡಿದ್ರೆ ಸೇತುವೆ ಬರ್ತದೆ. ನಾನು ಬೇರೆ ಎಂತ ಹೇಳ್ಲಿ?" ಕೊನೆ ಮಾತು ಹೇಳ್ತಾ ಹಾಳೆಯನ್ನ ನನ್ನ ಕಡೆ ಸರಿಸಿದ್ರು. ಪಾಪ, ಅವರನ್ನ ಬೈಯೋಕೂ ಆಗ್ಲಿಲ್ಲ.

ಅತ್ತೆ ಜಗಲಿಯಿಂದ ಎದ್ದು ಬಂದ್ರು. "ನನ್ನ ಮಗ ಮೀನಿನಾಸೆಗೆ ಸತ್ತನಾ? ಪಾಳಿಗೆ ಹೋಗಿದ್ದ ಅವ. ಊರ ಮಕ್ಕಳನ್ನ ದಾಟಿಸಿದ್ದ. ಆ ಕಾಗದ ಒಲೆಗೆ ಹಾಕು ವೆಂಕಮ್ಮ."

ಅನುಶ್ರೀ ಅಂಗಳದಲ್ಲಿ ಕೋಳಿಮರಿ ಹಿಂದೆ ಓಡ್ತಾ ಇದ್ಲು. ಐದು ತುಂಬಿತ್ತು. ಮಳೆ ಶುರುವಾದ್ರೆ ಒಂದನೇ ಕ್ಲಾಸು.

ಪೆನ್ನು ಕೊಡಿ ಅಂದೆ. ಎರಡು ಕಡೆ ರುಜು ಹಾಕಿದೆ. ಬೇರೆ ಯಾರದೋ ರುಜು ಹಾಕಿದ ಹಾಗೆ ಇತ್ತು. ಇವತ್ತು ಮತ್ತೆ ಆ ಹಾಳೆ ತಂದ್ರೆ ಮತ್ತೆ ಹಾಕ್ತೇನೆ. ಹಾಗೆ ಹಾಕ್ಬೇಕಾದ ಗತಿ ತಂದವರನ್ನ ಕೇಳಿ, ನನ್ನನ್ನ ಕೇಳ್ಬೇಡಿ. ಅತ್ತೆ ಅವತ್ತಿಂದ ನನ್ನ ಹತ್ರ ಮಾತು ಬಿಟ್ರು.

ಮಂತ್ರಿ ಸದನದಲ್ಲಿ ಹೊಸ ಉತ್ತರ ಓದಿದ್ರು. ಸದರಿ ವ್ಯಕ್ತಿ ಮೀನು ಹಿಡಿಯಲು ಹೋಗಿ ಸತ್ತಿರುತ್ತಾರೆ, ಆದಾಗ್ಯೂ ಸಾರ್ವಜನಿಕರ ಹಿತದೃಷ್ಟಿಯಿಂದ ಕಾಲುಸೇತುವೆ ಮಂಜೂರು ಮಾಡಲಾಗಿದೆ ಅಂತ. ನಮ್ಮ ಎಮ್ಮೆಲ್ಲೆ ಎದ್ದು ಧನ್ಯವಾದ ಹೇಳಿದ್ರು.

ಕೊಟ್ಟ ಮಾತಿನ ಹಾಗೆ ಕೆಲಸ ಶುರುವಾಯ್ತು. ಜಲ್ಲಿ ಬಂತು, ಕಬ್ಬಿಣ ಬಂತು. ದಿನಕ್ಕೊಬ್ಬ ಸಾಹೇಬ ಬಂದು ನೋಡ್ತಿದ್ದ, ಬಂದವನೆಲ್ಲ ಮಕ್ಕಳನ್ನ ಮಾತಾಡಿಸ್ತಿದ್ದ. ಒಂದು ಮಾತು ಹೆಚ್ಚು ಕಡಿಮೆ ಆದ್ರೆ ಕೆಲಸ ನಿಲ್ಲಿಸ್ತಾರೆ ಅಂತ ಕೇರಿಗೆಲ್ಲ ಹೆದರಿಕೆ. ಹಾಗಾಗಿ ಎಲ್ಲರೂ ಮೀನು ಅಂತಲೇ ಹೇಳಿದ್ರು. ಅನುಶ್ರೀಗೆ ನಾನೇ ಹೇಳಿಕೊಟ್ಟೆ, ಯಾರಾದ್ರೂ ಕೇಳಿದ್ರೆ ಅಪ್ಪ ಮೀನು ಹಿಡಿಯೋಕೆ ಹೋಗಿದ್ರು ಅನ್ನು ಅಂತ. ಸೇತುವೆ ಆಯ್ತು. ಆಮೇಲೆ ಸದನದಲ್ಲಿ ಕೊಟ್ಟ ಭರವಸೆ ಈಡೇರಿದ್ಯಾ ಅಂತ ನೋಡೋಕೆ ಒಂದು ಸಮಿತಿ ಬಂತು. ಅವರಿಗೂ ಮೀನು. ಆಮೇಲೆ ಯಾರೂ ಕೇಳ್ಲಿಲ್ಲ, ನಾವೂ ಆ ಮಾತು ಎತ್ತಲಿಲ್ಲ, ಅನುಶ್ರೀ ಹತ್ರವೂ. ಪಾಳಿ ನಿಂತೇ ಹೋಯ್ತು. ಅತ್ತೆ ಒಂದು ದಿನವೂ ಆ ಸೇತುವೆ ಮೇಲೆ ಕಾಲಿಡ್ಲಿಲ್ಲ. ಎರಡು ಸಾವಿರದ ನಾಲ್ಕರಲ್ಲಿ ತೀರಿಕೊಂಡಾಗ ಅವರನ್ನ ಅದರ ಮೇಲೇ ಹೊತ್ತುಕೊಂಡು ಹೋದ್ರು.

ಅನುಶ್ರೀ ಈಗ ಹೈಸ್ಕೂಲು. ಮೊನ್ನೆ ಸಂಜೆ ಶಾಲೆಗೆ ಹೊಸದಾಗಿ ಪಾಠ ಮಾಡೋಕೆ ಬಂದ ಅಕ್ಕೋರನ್ನ ಮನೆ ತೋರಿಸ್ತೇನೆ ಅಂತ ಕರ್ಕೊಂಡು ಬಂದಿದ್ಲು. ಶಿರಸಿಯ ಹುಡುಗಿ, ನಮಿತಾ ಅಂತ, ಈ ವರ್ಷವೇ ಕೆಲಸಕ್ಕೆ ಸೇರಿದವ್ರು. ಜೋರು ಮಳೆ. ಇಬ್ರೂ ಒಂದೇ ಕೊಡೆಯಲ್ಲಿ ನಗ್ತಾ ಸೇತುವೆ ದಾಟಿ ಬಂದ್ರು. ಅಕ್ಕೋರು ಜಗಲಿಯಲ್ಲಿ ಕೂತು ಸೀರೆಯ ನೀರು ಹಿಂಡ್ಕೊಳ್ತಾ, "ನಿಮ್ಮಪ್ಪ ಎಂತ ಮಾಡ್ತಾರೆ?" ಅಂತ ಕೇಳಿದ್ರು. ನಾನು ಒಳಗೆ ಚಾ ಮಾಡ್ತಾ ಇದ್ದೆ.

"ಅಪ್ಪ ಇಲ್ಲ ಅಕ್ಕೋರೇ. ನಾನು ಸಣ್ಣವಳಿರೋವಾಗ ಇದೇ ಹಳ್ಳದಲ್ಲಿ ಮೀನು ಹಿಡಿಯೋಕೆ ಹೋಗಿ ತೇಲಿ ಹೋದ್ರು."

"ಇಂಥ ಮಳೇಲಾ?"

"ಹೌದು. ಮೀನು ಅಂದ್ರೆ ಹುಚ್ಚು ಅಂತೆ. ಯಾರು ಬೇಡ ಅಂದ್ರೂ ಕೇಳ್ಲಿಲ್ಲ ಅಂತೆ."

ಬೇಡ ಅಂದ್ರೂ ಕೇಳ್ಲಿಲ್ಲ ಅಂತ ಯಾರೂ ಅವಳಿಗೆ ಹೇಳಿಕೊಟ್ಟಿರ್ಲಿಲ್ಲ. ಅದನ್ನ ಅವಳೇ ಸೇರಿಸ್ಕೊಂಡಿದ್ಲು.

"ಛೆ. ಮನೇಲಿ ಸಣ್ಣ ಮಗು ಇರುವಾಗ ಅಷ್ಟೂ ಜವಾಬ್ದಾರಿ ಬೇಡ್ವಾ ಮನುಷ್ಯನಿಗೆ?" ಅಂದ್ರು ಅಕ್ಕೋರು.

"ಅದೇ ಅಲ್ವಾ," ಅಂದ್ಲು ನನ್ನ ಮಗಳು.

ಚಾ ಸೋಸಿ, ತಟ್ಟೆಯಲ್ಲಿಟ್ಟು ಹೊರಗೆ ತಂದೆ. ಸಕ್ಕರೆ ಸಾಕಾ ಅಂತ ಅಕ್ಕೋರನ್ನ ಕೇಳಿದೆ.