ಕುಮಾರಿ ಒತ್ತಲ್ಲ ಅಂದ ಅಂಕಿ

ಕುದೇರಿನ ಸುಂದ್ರಮ್ಮ ಕೂಲಿನಾಲಿ ಮಾಡಿ ಮಗಳು ಕುಮಾರಿಗೆ ಕಂಪ್ಯೂಟರ್ ಕಲಿಸಿದ್ದಳು. ಹುಡುಗಿಗೆ ಚಾಮರಾಜನಗರದಲ್ಲಿ, ಸರ್ಕಾರಕ್ಕೆ ಕೊಡುವ ವರದಿಗಳನ್ನು ಸಿದ್ಧಮಾಡುವ ಒಂದು ಖಾಸಗಿ ಆಫೀಸಿನಲ್ಲಿ ಟೈಪ್ ಮಾಡುವ ಕೆಲಸ. ಅಂಥವಳು ಒಂದು ಬುಧವಾರ ಮಟಮಟ ಮಧ್ಯಾಹ್ನವೇ ಬಸ್ಸಿಳಿದು ಬಂದಳು.

"ಮಾಲೀಕರು ಏಳ್ದಂಗೆ ಕಂಪ್ಯೂಟರಲ್ಲಿ ಅಂಕಿ ಒತ್ತಲ್ಲ ಅಂದೆ ಕಣವ್ವ. ಒತ್ತೋದಾದ್ರೆ ಬಾ, ಇಲ್ದಿದ್ರೆ ಮನೇಲಿರು ಅಂದ್ರು."

ಸುಂದ್ರಮ್ಮನಿಗೆ ಪಿತ್ತ ನೆತ್ತಿಗೇರಿತು. "ನಿನ್ ಬಾಯ್ಗೆ ಮಣ್ಣಾಕ! ಅನ್ನ ಕೊಡೋ ಧಣಿಗೆ ಎದುರು ಮಾತಾಡ್ತಾರೇನಮ್ಮಿ?"

ಏನು, ಯಾಕೆ ಅಂತ ಕೇಳಲೇ ಇಲ್ಲ ಆಕೆ. ತಪ್ಪು ಮಾಡಿದವರು ಊರ ಹಿರಿಯರ ಮುಂದೆ ಇಡುತ್ತಾರಲ್ಲ, ಹಾಗೆ ಮಾರನೇ ದಿನ ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು ಇಟ್ಟುಕೊಂಡು ತಪ್ಪುಕಾಣಿಕೆ ಅಂತ ಆಫೀಸಿಗೇ ಹೋದಳು. "ಚಿಕ್ಕುಡ್ಗಿ ಬುದ್ಧಿ, ಒಟ್ಟೆಗಾಕಳಿ" ಅಂತ ಅಡ್ಡಬಿದ್ದಳು. ಮಾಲೀಕ ಶಾಂತರಾಜು ಒಂದು ಹಣ್ಣು ಸುಲಿದು ತಿಂದು, "ಬುದ್ಧಿ ಹೇಳಿ ಕಳಿಸಮ್ಮ" ಅಂದ.

ಮನೆಗೆ ಬಂದರೆ ಜಗಲಿಯಲ್ಲಿ ಕುಮಾರಿ ಜೊತೆ ಪಕ್ಕದ ಮನೆಯ ನರ್ಸು ಮರಿತಾಯಮ್ಮ ಕೂತಿದ್ದಳು.

"ಯಾರ್ಗೆ ಅಡ್ಡಬಿದ್ದು ಬಂದೆ ಗೊತ್ತಾ ಸುಂದ್ರಕ್ಕ? ಗುಂಡ್ಲುಪೇಟೆ ಕಡೆ ಒಂದೂರಲ್ಲಿ ಒಸ ಬೋರು ತೆಗ್ದವ್ರೆ. ಆ ನೀರಲ್ಲಿ ಫ್ಲೋರೈಡು ಲೀಟರ್ಗೆ ನಾಲ್ಕು ಮಿಲಿಗ್ರಾಂ ಬಂದದೆ. ಒಂದೂವರೆ ದಾಟಬಾರ್ದು. ಅದನ್ನ ಒಂದು ಅಂತ ಒತ್ತು ಅಂದವ್ನೆ ನಿನ್ ಧಣಿ. ಬೋರು ತೆಗ್ದೋನು ಅವನ ಬಾಮೈದ, ನೀರು ಕೆಟ್ಟದ್ದು ಅಂದ್ರೆ ಬಿಲ್ಲು ಆಗಕಿಲ್ಲವಲ್ಲ."

"ಕಾಯ್ಸಿ ಕುಡುದ್ರಾಯ್ತು ಬುಡು."

"ಕಾಯ್ಸುದ್ರೆ ಓಗಕಿಲ್ಲ ಕಣಕ್ಕ ಅದು. ಮಕ್ಳ ಅಲ್ಲು ಕಂದಾಯ್ತದೆ. ವರ್ಷಗಟ್ಲೆ ಕುಡುದ್ರೆ ಮೂಳೆ ಸೊಟ್ಟಗಾಯ್ತದೆ."

"ಒತ್ತು ಅಂದೋನು ಅವ. ಪಾಪ ಅವನಿಗೆ ತಾನೆ? ಇವಳದು ಬರೀ ಬೆರಳು."

ಕುಮಾರಿ ಸಿಡಿದಳು. "ಆ ಬೆರಳು ನಂದು ಕಣವ್ವ! ಅವ ಬೈದದ್ಕೆ ನಂಗೆ ನೋವಿಲ್ಲ. ನೀನು ಯಾಕಮ್ಮಿ ಅಂತ ಒಂದ್ ಮಾತು ಕೇಳ್ನಿಲ್ಲವಲ್ಲ."

ಸುಂದ್ರಮ್ಮನ ಮೈಯೆಲ್ಲ ಉರಿಯಿತು. "ಥೂ ನನ್ ಜನ್ಮಕ್ಕೆ! ನನ್ ಮಗಳ ಕೈಲೇ ಮಕ್ಳಿಗೆ ಇಸ ಆಕ್ಸೋ ಕಳ್ಳನ್ಗೆ ಕಾಲಿಗ್ ಬಿದ್ದು ಬಂದ್ನಲ್ಲ! ಈಗ್ಲೇ ಓಗಿ ಅವನ ಗ್ರಾಚಾರ ಬುಡುಸ್ತೀನಿ."

"ಒಬ್ಬಳೇ ಓಗಿ ಕಿರುಚ್ಬೇಡ" ಅಂದಳು ಮರಿತಾಯಮ್ಮ. "ಕುಮಾರಿ, ಯಾವತ್ತು, ಯಾರು, ಏನೇಳುದ್ರು ಎಲ್ಲಾನೂ ಬರಿ. ನೀರು ಪರೀಕ್ಷೆ ಮಾಡಿದವರತ್ರ ನಿಜವಾದ ಅಂಕಿ ಇದ್ದೇ ಇರ್ತದೆ. ಕುಡಿಯೋ ನೀರಿನ ಅಧಿಕಾರಿಗೆ ಅರ್ಜಿ ಕೊಟ್ಟು, ಅರ್ಜಿ ಬಂತು ಅಂತ ಹಿಂಬರಹ ಈಸ್ಕೊಳನ. ನಮ್ ಮಹಿಳಾ ಸಂಘದವ್ರೆಲ್ಲ ಬತ್ತೀವಿ."

ಸೋಮವಾರ ಹನ್ನೊಂದು ಹೆಂಗಸರು ಬಸ್ಸು ಹತ್ತಿದರು. ಅಧಿಕಾರಿ ಕುಮಾರಿಯನ್ನು ಮೇಲಿಂದ ಕೆಳಗೆ ನೋಡಿ, "ಇದನ್ನೆಲ್ಲ ಯಾರು ಹೇಳಿಕೊಟ್ಟಿದ್ದು?" ಅಂದ.

"ನಾನು, ಅವಳವ್ವ. ಬರ್ಕೊಳಿ ಸ್ವಾಮಿ!" ಅಂದಳು ಸುಂದ್ರಮ್ಮ.

ನೀರನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಅಲ್ಲೂ ನಾಲ್ಕೇ ಬಂತು. ಬೋರಿಗೆ ಬೀಗ ಬಿತ್ತು. ಕುಮಾರಿಗೆ ಆ ಕೆಲಸ ಮತ್ತೆ ಸಿಗಲಿಲ್ಲ. ಬೇರೆ ಕಡೆ ಸಿಗುವವರೆಗೆ ನಾಲ್ಕು ತಿಂಗಳು ತಾಯಿ ಜೊತೆ ಅರಿಶಿನ ಬೇಯಿಸಲು, ಕಳೆ ಕೀಳಲು ಹೋದಳು. ಸುಂದ್ರಮ್ಮ ಒಂದು ದಿನವೂ ಅವಳನ್ನು ಆಡಿಕೊಳ್ಳಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಂಪ್ಯೂಟರ್ ಮುಂದೆ ಕೂರುವ ಮಕ್ಕಳಿದ್ದಾರೆ. "ಇದು ಅನ್ಯಾಯ, ನನ್ನ ಕೈಲಾಗಲ್ಲ" ಅಂತ ಅವರು ಬಂದಾಗ ಬಾಯಿ ಮುಚ್ಚಿಸಬೇಡಿ. ಕೂರಿಸಿ ಕೇಳಿ, ಬರೆಸಿಡಿ, ಜೊತೆಗೆ ಹೋಗಿ ನಿಲ್ಲಿ. ಒಂಟಿಯಾಗಿ ಬಿಟ್ಟರೆ ಅವರೂ ಹೆದರಿ ಒಂದು ದಿನ ಒತ್ತಿಬಿಡುತ್ತಾರೆ. ಆಮೇಲೆ ಆ ನೀರು ಕುಡಿಯಬೇಕಾದವರು ನಾವೇ.